ಬೇಕಾದವರು ಮಾಡ್ತಾರೆ

ನನಗೆ ಮೂಗಿನ ಮೇಲೇ ಸಿಟ್ಟು. ಶಿಕಾರಿಪುರ ಬಸ್ ಸ್ಟ್ಯಾಂಡಿನ ಆಸುಪಾಸು ಯಾರನ್ನು ಕೇಳಿದರೂ ಹೇಳುತ್ತಾರೆ. ಗದ್ದೆಗೆ ಔಷಧಿ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುವ ಅಂಗಡಿ ನನ್ನದು. "ವೀರಬಸಪ್ಪನ ಹತ್ರ ಕೊಟ್ರೆ ಪಂಪ್ ಹೊಸದಾಗ್ತತಿ, ಆದ್ರೆ ಬೈಸ್ಕಂಡು ಬರ್ಬೇಕು" ಎಂದು ಗಿರಾಕಿಗಳೇ ಆಡಿಕೊಳ್ಳುತ್ತಾರೆ. ಈ ಸಿಟ್ಟು ಅಪ್ಪನಿಂದ ಬಂದ ಆಸ್ತಿ. ಅಕ್ಕ ಈಶ್ವರಮ್ಮನಿಗೆ ಅದರಲ್ಲಿ ಪಾಲು ಸಿಗಲಿಲ್ಲ, ಪೂರ್ತಿ ನನಗೇ ಬಂತು.

ಸ್ಮಾರ್ಟ್‌ಫೋನ್ ಬಿಟ್ಟದ್ದೂ ಸಿಟ್ಟಿನಲ್ಲೇ. ಒಂದು ದಿನ ತೊಗರ್ಸಿಯ ರೈತನೊಬ್ಬನ ಪಂಪು ಬಿಚ್ಚಿಕೊಂಡು ಕೂತಿದ್ದೆ. ಒಂದು ಕಣ್ಣು ಪಂಪಿನ ಮೇಲೆ, ಇನ್ನೊಂದು ಫೋನಿನ ಮೇಲೆ. ಯಾರೋ ಆನೆಗೆ ಸ್ನಾನ ಮಾಡಿಸುವ ವಿಡಿಯೋ. ವಾಷರ್ ತಿರುಗಾಮುರುಗಾ ಕೂತಿತ್ತು. ಅವನು ಪಂಪು ಬೆನ್ನಿಗೇರಿಸಿ ಎರಡು ಸಲ ಒತ್ತಿದ್ದೇ ತಡ, ಬೆನ್ನೆಲ್ಲ ಒದ್ದೆ. ಪುಣ್ಯಕ್ಕೆ ಒಳಗಿದ್ದದ್ದು ಬರೀ ನೀರು. ಔಷಧಿ ಇದ್ದಿದ್ದರೆ? ಅವನು ಬೈಯಲೂ ಇಲ್ಲ, "ನಿಮ್ ಗಮನ ಇಲ್ಲಿರ್ಲಿಲ್ಲ ಬಿಡ್ರಿ" ಎಂದ.

ಅವತ್ತೇ ಸಂಜೆ ಹೆಂಡತಿ ನಿರ್ಮಲಾಗೆ ಹೇಳಿದೆ, ಈ ಶನಿ ಫೋನ್ ಬಿಡ್ತೀನಿ, ಬಟನ್ ಫೋನ್ ತರ್ತೀನಿ ಅಂತ. ಮನೆಗೆಲ್ಲ ಇದ್ದದ್ದು ಅದೊಂದೇ ಫೋನು.

"ಬಿಡ್ರಿ, ಚಲೋದೇ. ಆದ್ರೆ ಎಲ್ರ ನಂಬರೂ ಅದ್ರಾಗೇ ಅದಾವಲ್ರೀ. ಮೊದ್ಲು ಒಂದು ಪುಸ್ತಕದಾಗೆ ಬರ್ಕೊಳ್ರಿ" ಎಂದಳು.

"ಯಾಕೆ ಬರೀಬೇಕು? ಬೇಕಾದವ್ರು ತಾವೇ ಮಾಡ್ತಾರೆ ಬಿಡು."

"ಅವ್ರು ಮಾಡಿದ್ರೂ ಯಾರು ಅಂತ ಗೊತ್ತಾಗ್ಬೇಕಲ್ರೀ."

ಹೆಂಡತಿಯ ಮಾತು ಸರಿ ಎಂದು ಆಗಲೇ ಅನ್ನಿಸಿತ್ತು. ಸರಿ ಎನ್ನಿಸಿದ್ದಕ್ಕೇ ಕೇಳಲಿಲ್ಲ. ಮಾರನೆಯ ದಿನ ನೆಂಟರ ಗ್ರೂಪಿನಲ್ಲಿ ಒಂದು ಭಾಷಣ ಬರೆದು ಹಾಕಿದೆ. "ಇನ್ನು ಮೇಲೆ ಯಾರೂ ನನಗೆ ಏನೂ ಕಳಿಸಬೇಡಿ. ನನಗೆ ನೆಮ್ಮದಿ ಬೇಕು." ಹಾಕಿ ಗ್ರೂಪಿನಿಂದ ಹೊರಬಂದೆ. ಹಳೇ ಫೋನು ಮೊಬೈಲ್ ಅಂಗಡಿಯವನಿಗೆ ಕೊಟ್ಟು ಬಟನ್ ಫೋನು ತಂದೆ. ಅದರಲ್ಲಿ ಒಂದೂ ಹೆಸರಿರಲಿಲ್ಲ, ಯಾರು ಮಾಡಿದರೂ ಬರೀ ಹತ್ತು ಅಂಕಿ.

ಎರಡು ವಾರ ಆನಂದವಾಗಿತ್ತು. ಒಂದೇ ಕಾಟವೆಂದರೆ ಸೈಟು ಬೇಕಾ, ಪಾಲಿಸಿ ಬೇಕಾ ಎಂದು ಬರುವ ಕರೆಗಳು. ಎತ್ತಿದರೆ ಮೊದಲು ಸ್ವಲ್ಪ ಹೊತ್ತು ಏನೂ ಕೇಳುವುದಿಲ್ಲ, ಆಮೇಲೆ ಒಂದು ಹುಡುಗಿ ಶುರು ಮಾಡುತ್ತಾಳೆ. ಆ ಮೌನ ಕೇಳಿದ ಕೂಡಲೇ ನಾನೇ ಮೊದಲು ಬೈದು ಇಟ್ಟುಬಿಡುವುದನ್ನು ಕಲಿತಿದ್ದೆ.

ಆ ಬುಧವಾರ ಬೆಳಿಗ್ಗೆ ಎಂಟಕ್ಕೆ ಅಂಗಡಿ ಬಾಗಿಲು ತೆಗೆಯುವಾಗ ಫೋನು ಬಂತು. ಎತ್ತಿದೆ. ಆ ಕಡೆ ಅದೇ ಮೌನ. "ನಂಗೇನೂ ಬೇಡ! ನೀವ್ಯಾರೂ ಬೇಡ! ಇನ್ನೊಂದ್ ಸಲ ಮಾಡಿದ್ರೆ ನೋಡು, ಇಡು ಫೋನು!" ಎಂದು ಕಿರುಚಿ ಇಟ್ಟೆ. ಹತ್ತು ನಿಮಿಷಕ್ಕೆ ಅದೇ ನಂಬರು. ಆಗ ನಾನು ಎದುರಿನ ಹೋಟೆಲಿನಲ್ಲಿ ನಾಲ್ಕು ಜನರ ನಡುವೆ ಚಹಾ ಕುಡಿಯುತ್ತ ಬಟನ್ ಫೋನಿನ ಮಹಿಮೆ ಹೇಳುತ್ತಿದ್ದೆ. ಫೋನು ಎತ್ತಿ ಎಲ್ಲರಿಗೂ ತೋರಿಸಿದೆ. "ನೋಡ್ರಿ, ಒಂದು ಗುಂಡಿ ಒತ್ತಿದ್ರೆ ಕಾಟ ಮುಗೀತು" ಎಂದು ಕಟ್ ಮಾಡಿದೆ. ಎಲ್ಲರೂ ನಕ್ಕರು. ಹತ್ತರ ಹೊತ್ತಿಗೆ ಮತ್ತೆ ಅದೇ ನಂಬರು. ಸ್ವಿಚ್ ಆಫ್ ಮಾಡಿ ಸ್ಪ್ಯಾನರ್ ಡಬ್ಬಿಗೆ ಎಸೆದೆ.

ಮಧ್ಯಾಹ್ನ ಊಟಕ್ಕೆ ಮನೆಯಲ್ಲಿದ್ದೆ. ಬಾಗಿಲಲ್ಲಿ ಉಜ್ಜಪ್ಪ ಕಾಣಿಸಿದ. ಉಳವಿಯಲ್ಲಿ ಅಕ್ಕನ ಮನೆಯ ಪಕ್ಕದವನು, ಎಪ್ಪತ್ತು ದಾಟಿದ ಮುದುಕ. "ಬಾ ಉಜ್ಜಪ್ಪಣ್ಣ, ಏನ್ ಅಪರೂಪ!" ಎಂದೆ. ನಿರ್ಮಲಾ ಚೊಂಬಿನಲ್ಲಿ ನೀರು ತಂದು ಚಾಚಿದಳು.

ಉಜ್ಜಪ್ಪ ಹೊಸಿಲು ದಾಟಲಿಲ್ಲ. ನೀರಿಗೆ ಕೈ ನೀಡಲಿಲ್ಲ.

ನಮ್ಮ ಕಡೆ ಸಾವಿನ ಸುದ್ದಿ ತಂದವನು ಒಳಗೆ ಬರುವುದಿಲ್ಲ, ನೀರು ಮುಟ್ಟುವುದಿಲ್ಲ. ಹೊರಗೇ ನಿಂತು ಹೇಳಿ ಹೋಗುತ್ತಾನೆ. ಫೋನು ಬಂದ ಮೇಲೆ ಹಾಗೆ ನಿಂತವರನ್ನು ನಾನು ನೋಡಿಯೇ ಇರಲಿಲ್ಲ. ನಿರ್ಮಲಾಳ ಕೈಯಿಂದ ಚೊಂಬು ಬಿತ್ತು.

"ಈಶ್ವರಮ್ಮ ಹೋದ್ಲು ಕಣೋ ವೀರಬಸಪ್ಪ" ಎಂದ ಉಜ್ಜಪ್ಪ. "ಬೆಳಿಗ್ಗೆ ಎದೆ ಹಿಡ್ಕಂಡ್ಲು. ಸೊರಬ ಮುಟ್ಟೋದ್ರೊಳಗೆ ಮುಗ್ದು ಹೋತು. ನೀನು ಫೋನಲ್ಲಿ ಯಾರೂ ಬೇಡ ಅಂದ್ಯಂತಲ್ಲ ಮಾರಾಯ. ಗ್ರೂಪಲ್ಲೂ ಹಂಗೇ ಬರ್ದಿದ್ಯಂತೆ. ಏನ್ ಸಿಟ್ಟೋ ನಿಂದು, ನಂಗ್ ಗೊತ್ತಿಲ್ಲ. ಆದ್ರೆ ಹೆಣ ಎತ್ತಿಲ್ಲ, ತವರಿನ ಸೀರೆಗೆ ಕಾಯ್ತಾ ಐತೆ. ತರ್ತೀಯೋ ಇಲ್ವೋ, ಒಂದ್ ಮಾತು ಹೇಳು."

ಸತ್ತ ಹೆಣ್ಣಿಗೆ ತವರಿನ ಸೀರೆ ಹೊದಿಸದೆ ಮಣ್ಣಿಗೆ ಒಯ್ಯುವುದಿಲ್ಲ. ಅಕ್ಕನಿಗೆ ತವರು ಎಂದರೆ ನಾನೊಬ್ಬನೇ. ಆ ಸೀರೆ ತರುವುದಿಲ್ಲ ಎಂದು ನಾನು ಕಿರುಚಿ ಹೇಳಿದ್ದೇನೆ ಎಂದು ಉಳವಿಗೆ ಉಳವಿಯೇ ನಂಬಿ ಕೂತಿತ್ತು. "ಅಲ್ಲ, ಅದು, ಪಾಲಿಸಿಯವ್ರು ಅಂತ..." ಎಂದೆ. ಉಜ್ಜಪ್ಪನಿಗೆ ಪಾಲಿಸಿ ಎಂದರೆ ಏನು ಅರ್ಥವಾದೀತು?

ಊಟದ ಕೈ ತೊಳೆಯಲೂ ಮರೆತಿದ್ದೆ. ನಿರ್ಮಲಾಳೇ ಬಟ್ಟೆ ಅಂಗಡಿಗೆ ಓಡಿ ಹಸಿರು ಸೀರೆ ತಂದಳು. ಭಾವ ಇದ್ದಾರಲ್ಲ, ಮುತ್ತೈದೆ ಸಾವು. ಕಾರು ಮಾಡಿಕೊಂಡು ಮೂವರೂ ಹೊರಟೆವು. ಶಿರಾಳಕೊಪ್ಪ ದಾಟಿತು, ಸೊರಬ ದಾಟಿತು. ಸೀರೆಯ ಪೊಟ್ಟಣ ತೊಡೆಯ ಮೇಲಿತ್ತು. ಬೆಳಗಿನ ಆ ಮೌನ ಒಂದೇ ಕಿವಿಯಲ್ಲಿ. ಪಾಪ, ಅಕ್ಕನ ಮಗ ಮಹಾಂತೇಶ ಅಳುತ್ತಿದ್ದನೇನೋ, ಮಾತು ಹೊರಟಿರಲಿಕ್ಕಿಲ್ಲ ಎಂದುಕೊಂಡೆ.

ಉಳವಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅಂಗಳದಲ್ಲಿ ಕೂತವರು ನನ್ನನ್ನು ನೋಡಿ ಮುಖ ತಿರುಗಿಸಿದರು. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಅಕ್ಕನನ್ನು ಕೂರಿಸಿದ್ದರು, ಹಣೆ ತುಂಬ ವಿಭೂತಿ. ಸೀರೆಯ ಮಡಿಕೆ ಬಿಚ್ಚಲು ನನ್ನಿಂದಾಗಲಿಲ್ಲ. ನಿರ್ಮಲಾ ಬಿಚ್ಚಿ ಕೊಟ್ಟಳು, ನಾನು ಹೊದಿಸಿದೆ. ಅಲ್ಲೇ ಕುಸಿದು ಕೂತು ಹೆಂಗಸರ ಹಾಗೆ ಗೋಳಾಡಿದೆ.

ಮಹಾಂತೇಶ ನನ್ನನ್ನು ಎಬ್ಬಿಸಿ ಹಿತ್ತಲಿಗೆ ಕರೆದೊಯ್ದ. ನಾನು ಅವನ ಎರಡೂ ಕೈ ಹಿಡಿದುಕೊಂಡೆ.

"ತಪ್ಪಾತೋ ಮಾಂತು. ನಂಬರ್ ಗುರ್ತಿರ್ಲಿಲ್ಲ. ನಿಂಗೆ ಹಂಗೆ ಬೈಬಾರ್ದಿತ್ತು."

"ನಂಗೆ ಬೈಲಿಲ್ಲ ಮಾಮ" ಎಂದ ಅವನು. "ಅದು ಅವ್ವ."

ನಾನು ಹಿಡಿದಿದ್ದ ಅವನ ಕೈ ಬಿಟ್ಟೆ.

"ಆವಾಗಿನ್ನೂ ಜೀವ ಇತ್ತು. ಗಾಡಿಗೆ ಕಾಯ್ತಿದ್ವಿ. ವೀರಂಗೆ ಫೋನ್ ಹಚ್ಚು ಅಂದ್ಲು. ಸ್ಪೀಕರ್ ಹಾಕಿ ಬಾಯಿ ಹತ್ರ ಹಿಡ್ದೆ. ಉಸ್ರು ಸಾಲ್ದೆ ಮಾತು ಬರ್ಲಿಲ್ಲ. ಅಷ್ಟರಾಗೆ ನೀವು ಕೂಗಾಡಿ ಇಟ್ರಿ."

"ಕೇಳಿಸ್ತಾ ಅವ್ಳಿಗೆ?"

"ಎಲ್ರಿಗೂ ಕೇಳ್ತು. ಎಲ್ರೂ ತಪ್ಪು ತಿಳ್ಕಂಡ್ರು. ಅವ್ವ ಮಾತ್ರ ನಕ್ಕಳು ಮಾಮ. ಸ್ವಲ್ಪ ಉಸ್ರು ತಗಂಡು, ಗಂಟ್ಲು ಗಟ್ಟಿ ಐತೆ, ಆರಾಮ್ ಅದಾನೆ ನಮ್ ವೀರ ಅಂದ್ಲು. ಗುರ್ತು ಸಿಕ್ಕಿಲ್ಲ ಅವಂಗೆ, ಇನ್ನೊಂದ್ ಸಲ ಮಾಡು ಅಂದ್ಲು."

"ಎರಡ್ನೇದೂ ಅವ್ಳೇ?"

"ಹ್ಞೂಂ. ಅದು ಕಟ್ ಆತಲ್ಲ. ಕೆಲ್ಸದಾಗೆ ಇರ್ತಾನೆ, ಬಿಡು ಅಂದ್ಲು. ಆಮೇಲೆ ಮಾತಾಡ್ಲಿಲ್ಲ."

ಆಗ ನಾನು ಕೆಲಸದಲ್ಲಿ ಇರಲಿಲ್ಲ. ಚಹಾ ಕುಡಿಯುತ್ತಿದ್ದೆ. ಅದನ್ನು ಮಹಾಂತೇಶನಿಗೆ ಹೇಳುವ ಧೈರ್ಯ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಬಟನ್ ಫೋನನ್ನೇ ಇಟ್ಟುಕೊಂಡಿದ್ದೇನೆ. ತಪ್ಪು ಅದರದ್ದಲ್ಲವಲ್ಲ. ನಂಬರುಗಳನ್ನೆಲ್ಲ ನಿರ್ಮಲಾ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಯಾರ ಫೋನು ಬಂದರೂ ಎತ್ತುತ್ತೇನೆ. ಆ ಕಡೆ ಮೌನ ಕೇಳಿದರೆ, ಯಾರಾದರೂ ಮಾತಾಡುವವರೆಗೆ ಕಾಯುತ್ತೇನೆ.