ಕರಬಸಪ್ಪ ಹೊದಿಸಿದ ತಾಡಪತ್ರಿ

ಜನವರಿ ಬಂತೆಂದರೆ ಬ್ಯಾಡಗಿ ಸೀಮೆಯ ಕಣಗಳೆಲ್ಲ ಕೆಂಪು. ೧೯೯೬ರ ಈ ಜನವರಿಯಲ್ಲಿ ಕಾಗಿನೆಲೆ ದಾರಿಯ ಕರಬಸಪ್ಪನ ಕಣದಲ್ಲೂ ಮೆಣಸಿನಕಾಯಿ ಹರವಿತ್ತು. ಇನ್ನೊಂದು ಬಿಸಿಲು ಕಂಡರೆ ಪೇಟೆಗೆ ಒಯ್ಯಬಹುದು. ಒಂದೇ ರಾತ್ರಿ ಇಬ್ಬನಿಗೆ ನೆನೆದರೂ ಬಣ್ಣ ಕೆಡುತ್ತದೆ.

ಸಂಜೆ ಶಾಲೆಯ ಮಹಮೂದಾಬೇಗಂ ಅಕ್ಕೋರು ಸಸಿಗಳ ಪಟ್ಟಿ ಹಿಡಿದು ಬಂದರು.

"ಹೊಗಿಗಾಳಿ ಹೆಚ್ಚಾಗಿ ಭೂಮಿ ಬಿಸಿ ಆಗಾಕತ್ತೈತಿ ಅಣ್ಣಾರ. ಗಿಡ ಹೊಗಿಗಾಳಿ ಹೀರತಾವ, ನೆರಳೂ ಕೊಡತಾವ. ಮಳಿಗಾಲಕ್ಕ ನಿಮ್ಮ ಬದುವಿಗೆ ಎಷ್ಟು ಹೊಂಗಿ ಸಸಿ ಬರೀಲಿ? ನಾಳೆ ಪಟ್ಟಿ ಹಾವೇರಿ ಅರಣ್ಯ ಕಚೇರಿಗೆ ಹೋಗತೈತಿ."

"ನಾನೂ ರೇಡಿಯೋ ಕೇಳೇನ್ರಿ," ಎಂದ ಕರಬಸಪ್ಪ. "ಹೊಗಿಗಾಳಿ ಎರಡು ಪಟ್ಟಾದರ ಒಂದೂವರಿ ಡಿಗ್ರಿ ಏರತೈತಿ ಅಂತ ವಿಜ್ಞಾನಿಗಳ ಒಂದು ಕಂಪ್ಯೂಟರ್ ಹೇಳತೈತಿ, ನಾಕೂವರಿ ಅಂತ ಇನ್ನೊಂದು. ಮೊದಲ ಅವು ಒಂದು ಮಾತಿಗೆ ಬರಲಿ. ಆಮ್ಯಾಲೆ ತಗ್ಗು ತೋಡತೇನಿ."

"ಅವು ಎಡವೂದು ಮೋಡದಾಗ್ರಿ. ಕೆಳಗಿನ ದಪ್ಪ ಮೋಡ ಛತ್ರಿ ಇದ್ದಂಗ, ಬಿಸಿಲು ತಡೀತೈತಿ. ಎತ್ತರದ ತೆಳು ಮೋಡ ಕೌದಿ ಇದ್ದಂಗ, ನೆಲದ ಕಾವು ಹೊರಗ ಬಿಡಂಗಿಲ್ಲ. ಭೂಮಿ ಕಾದಂಗ ಛತ್ರಿ ಹೆಚ್ಚತಾವೋ ಕೌದಿ ಹೆಚ್ಚತಾವೋ, ಲೆಕ್ಕ ಹಾಕೂದು ಕಷ್ಟ."

"ಹಂಗಾರ ಗೊತ್ತಿಲ್ಲ ಅನ್ರಿ," ಎಂದು ನಕ್ಕ ಕರಬಸಪ್ಪ.

ಅಕ್ಕೋರು ಪಟ್ಟಿ ಮಡಚಿದರು. "ಬೆಳಿಗ್ಗೆ ಬರತೇನಿ. ವಿಚಾರ ಮಾಡ್ರಿ."

ಅಷ್ಟರಲ್ಲಿ ಆಕಾಶದ ತುಂಬ ಮೋಡ ಕವಿಯಿತು. ಮೋಡ ಇದ್ದ ರಾತ್ರಿ ಇಬ್ಬನಿ ಬೀಳುವುದಿಲ್ಲವೆಂದು ಕಣ ಕಾಯುವವರಿಗೆ ಗೊತ್ತು. ಕಣದ ಅಂಚಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ನೀಲಗಂಗವ್ವ ಕೇಳಿದಳು, "ಇವತ್ತ ಹೊದಿಸೂದು ಬ್ಯಾಡಲ್ರಿ?"

"ನಡುರಾತ್ರ್ಯಾಗ ಮೋಡ ಸರದು ಹೋದರ? ತಾಡಪತ್ರಿ ತಾ."

ಇಬ್ಬರೂ ಕಾಯಿ ಗುಡ್ಡೆ ಮಾಡಿ ಆ ದಪ್ಪ ಟಾರ್ಪಾಲು ಹೊದಿಸಿದರು.

ಬೆಳಿಗ್ಗೆ ಮೋಡ ಎಲ್ಲೂ ಇರಲಿಲ್ಲ. ತಾಡಪತ್ರಿಯ ಮೇಲಿಂದ ಇಬ್ಬನಿ ನೀರಾಗಿ ಇಳಿಯುತ್ತಿತ್ತು. ಅದನ್ನು ಸರಿಸಿ ನೀಲಗಂಗವ್ವ ಒಂದು ಹಿಡಿ ಕಾಯಿ ಅಲುಗಿಸಿದಳು. ಒಳಗಿನ ಬೀಜ ಗಲಗಲ ಎಂದಿತು. ಆಗಲೇ ಅಕ್ಕೋರು ಘಾಟಿಗೆ ಸೀನುತ್ತ ಬಂದರು.

"ನಮ್ಮ ಯಜಮಾನ್ರು ಕಂಪ್ಯೂಟರಿಗಿಂತ ಶಾಣ್ಯಾ ನೋಡ್ರಿ ಅಕ್ಕೋರ," ಎಂದಳು ನೀಲಗಂಗವ್ವ. "ಮೋಡ ನಿಲ್ಲತೈತೋ ಸರೀತೈತೋ ಗೊತ್ತಿರಲಿಲ್ಲ. ಆದರೂ ಹೊದಿಸಿದ್ರು. ಮೋಡ ಮೊದಲ ಒಂದು ಮಾತಿಗೆ ಬರಲಿ ಅನ್ನಲಿಲ್ಲ."

ಕರಬಸಪ್ಪ ತಲೆ ಕೆರೆದುಕೊಂಡ. "ಅಲ್ರಿ ಅಕ್ಕೋರ, ಭೂಮಿ ತಂಪಾಗತೈತಿ ಅಂತ ಯಾವ ಕಂಪ್ಯೂಟರಾದರೂ ಹೇಳೈತೇನು?"

"ಒಂದೂ ಇಲ್ಲ. ಎಷ್ಟು ಬಿಸಿ ಅನ್ನೂದರಾಗ ಅಷ್ಟ ಅವುಗಳ ಜಗಳ."

"ಹತ್ತು ಸಸಿ ಬರೀರಿ."

"ಇಪ್ಪತ್ತು ಬರೀರಿ," ಎಂದಳು ನೀಲಗಂಗವ್ವ. "ಹತ್ತು ನಾ ಹಚ್ಚತೇನಿ. ಯಾರವು ಲಗೂ ಚಿಗರತಾವ ನೋಡೂಣು."

ಮೂವರೂ ನಕ್ಕರು, ಮತ್ತೆ ಸೀನಿದರು.

ಇದನ್ನು ಓದುತ್ತಿರುವ ಅಕ್ಕ-ತಂಗಿಯರೆ, ಅಣ್ಣ-ತಮ್ಮಂದಿರೆ, ಮುಂದೆ ಮೋಡ ಏನು ಮಾಡೀತೆಂದು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ. ಗೊತ್ತಿಲ್ಲದ್ದನ್ನು ಅವರು ಮುಚ್ಚಿಡುವುದಿಲ್ಲ. ಅಂಕಿ ಬೇರೆ ಬೇರೆ ಇವೆ ಎಂದು ಎಚ್ಚರಿಕೆಯನ್ನೇ ಸುಳ್ಳೆನ್ನಬೇಡಿ. ಸಸಿಗಳ ಪಟ್ಟಿ ನಿಮ್ಮ ಬಾಗಿಲಿಗೂ ಬರುತ್ತದೆ. ಆಗ ಕರಬಸಪ್ಪ ಸಂಜೆಯೇ ತಾಡಪತ್ರಿ ಎಳೆದದ್ದನ್ನು ನೆನೆಯಿರಿ, ನಿಮ್ಮ ಹೆಸರೂ ಬರೆಸಿರಿ.