ಗೂಡಿಗೆ ಬಂದ ಎರಡು ಹೇಂಟೆಗಳು

ಹೆಬ್ಬಾವಿನ ತಲೆ ನೆರೆಮನೆಯ ಧರ್ಣಪ್ಪನ ಕಡೆಗಿತ್ತು, ಹೊಟ್ಟೆ ಕಾಂತಿಯ ಕಡೆಗೆ. ನಿನ್ನೆ ಸಂಜೆಯಷ್ಟೇ ಎಳೆದು ಬಿಗಿದಿದ್ದ ಚೈನ್‌ಲಿಂಕ್ ಬೇಲಿಯ ಒಂದು ಕಣ್ಣಿನಲ್ಲಿ ಅದು ನಟ್ಟನಡುವೆ ಸಿಕ್ಕಿಹಾಕಿಕೊಂಡಿತ್ತು. ತಲೆ ಸುಲಭವಾಗಿ ತೂರಿತ್ತು. ನುಂಗಿದ ಕೋಳಿ ತೂರಲಿಲ್ಲ.

ರೋಡಿನ ಕಡೆಗೆ ಗೇಟು ಕೂರಿಸಲು ಬೆಳಿಗ್ಗೆ ಬಂದ ಅಬ್ದುಲ್ ರಹಿಮಾನ್ ಅದನ್ನು ಮೊದಲು ಕಂಡವರು. "ಅಕ್ಕಾ, ಬೇಗ ಬನ್ನಿ! ನಿಮ್ಮ ಕೋಳಿಕಳ್ಳ ಸಿಕ್ಕಿದ!" ಎಂದು ಕೂಗಿದರು. ಪಾಪ, ತಮಾಷೆಗೇ ಹೇಳಿದ್ದು. ಅವರು ಕಂಬ ಹುಗಿದ ನಾಲ್ಕು ದಿನವೂ ಕಾಂತಿಯ ಬಾಯಲ್ಲಿ ಕಳ್ಳರದ್ದು ಬಿಟ್ಟು ಬೇರೆ ಸುದ್ದಿಯೇ ಇರಲಿಲ್ಲ.

ಕಾಂತಿ ಬಂದಳು. ಹಾವಿನ ಉಬ್ಬಿದ ಹೊಟ್ಟೆಯನ್ನು ನೋಡಿದಳು, ಗೂಡಿನ ಅಡಿಯಲ್ಲಿ ಸರಿದಿದ್ದ ಹಲಗೆಯನ್ನು ನೋಡಿದಳು.

ಎರಡು ತಿಂಗಳಲ್ಲಿ ಏಳು ಕೋಳಿ ಹೋಗಿದ್ದವು. "ಮುಂಗುಸಿ ಇರಬೇಕು ಮಾರಾಯ್ತಿ" ಎಂದು ಗಂಡ ಹೇಳಿದರೆ ಅವನ ಮೇಲೆಯೇ ಹರಿಹಾಯ್ದಿದ್ದಳು. "ಮುಂಗುಸಿಗೆ ಒಂದು ಪುಕ್ಕವೂ ಬೀಳದ ಹಾಗೆ ತಿನ್ಲಿಕ್ಕೆ ಬರ್ತದಾ? ಇದು ಎರಡು ಕಾಲಿನದ್ದು!" ಧರ್ಣಪ್ಪನ ಹೆಂಡತಿ ಕಾವೇರಮ್ಮ ದಿನಾ ಡೈರಿಗೆ ಹಾಲು ಕೊಂಡೊಯ್ಯುವುದು ಕಾಂತಿಯ ಅಂಗಳದಿಂದಲೇ. ಅವಳ ಮಗ ವಸಂತ ಒಂದೊಂದು ದಿನ ಕುಡಿದು ಬರುತ್ತಾನೆ. ಕಾಂತಿಗೆ ಅಷ್ಟು ಸಾಕಿತ್ತು.

ಒಂದು ಸಂಕ್ರಮಣದ ದಿನ ದೈವಸ್ಥಾನಕ್ಕೆ ಹೋಗಿ, ತೆಂಗಿನಕಾಯಿ ಇಟ್ಟು, ನಾಲ್ಕು ಜನಕ್ಕೆ ಕೇಳುವ ಹಾಗೆಯೇ ಹೇಳಿದ್ದಳು: "ನನ್ನ ಕೋಳಿ ತಿಂದವರಿಗೆ ತೋರಿಸಿಕೊಡು ಸ್ವಾಮಿ." ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಆಚೆ ಇರುವುದು ಒಂದೇ ಮನೆ.

ವಾರ ಕಳೆದು ಒಂದು ಬೆಳಿಗ್ಗೆ ಗೂಡಿನಲ್ಲಿ ಎರಡು ಹೇಂಟೆಗಳು ಹೆಚ್ಚಿದ್ದವು, ಒಂದು ಕಪ್ಪು, ಒಂದು ಕೆಂಪು. ಎರಡೂ ಕಾವೇರಮ್ಮನವು ಎಂದು ಯಾರಿಗಾದರೂ ಗುರುತು ಸಿಗುತ್ತಿತ್ತು. "ನೋಡಿದಿರಾ, ದೈವ ಒಪ್ಪಿಸಿತು!" ಎಂದು ಕಾಂತಿ ಡೈರಿಯಲ್ಲಿ ಹೇಳಿದಳು, ಬಸ್‌ಸ್ಟ್ಯಾಂಡಿನಲ್ಲಿ ಹೇಳಿದಳು. ಕಪ್ಪು ಹೇಂಟೆ ಆ ಆದಿತ್ಯವಾರವೇ ಕಾಂತಿಯ ಒಲೆಯ ಮೇಲೆ ಸುಕ್ಕ ಆಯಿತು. ಆಮೇಲೆ ಬೇಲಿಗೆ ರಹಿಮಾನ್ ಬಂದರು. ಕಾವೇರಮ್ಮನ ಕಾಲುದಾರಿ ಮುಚ್ಚಿತು.

ಈಗ ಧರ್ಣಪ್ಪ ಬೇಲಿಯಾಚೆ ಬಂದು ನಿಂತ. ಕಾಂತಿಯ ಮುಖ ನೋಡಲಿಲ್ಲ. "ತಂತಿ ಕತ್ತರಿಸಿ ರಹಿಮಾನ್. ಮೈಗೆ ಕಂತಿದೆ, ಸಾಯ್ತದೆ ಅದು" ಎಂದ.

ಹೊಸ ಬೇಲಿಯಲ್ಲವೇ, ರಹಿಮಾನ್ ಅಪ್ಪಣೆಗೆ ಕಾಂತಿಯ ಕಡೆ ನೋಡಿದರು. ಅವಳು ತಲೆಯಾಡಿಸಿದಳು. ಇಕ್ಕಳ ಮೂರು ಸಲ ಕಟಕ್ ಎಂದಿತು. ಹಾವು ಸ್ವಲ್ಪ ಹೊತ್ತು ಹಾಗೇ ಬಿದ್ದಿದ್ದು, ಮೆಲ್ಲಗೆ ತೋಡಿನ ಕಡೆ ಹರಿದು ಹೋಯಿತು.

ಅಷ್ಟರಲ್ಲಿ ಕಾವೇರಮ್ಮ ಮೊಮ್ಮಗಳನ್ನು ಸೊಂಟದಲ್ಲಿಟ್ಟುಕೊಂಡು ಗಂಡನ ಪಕ್ಕಕ್ಕೆ ಓಡಿ ಬಂದಿದ್ದಳು. ಈಗ ಬಯ್ಯುತ್ತಾಳೆ, ಬಯ್ಯಲಿ, ಎಂದು ಕಾಂತಿ ಕಾದಳು. ಕಾವೇರಮ್ಮ ಬಯ್ಯಲಿಲ್ಲ. ಮಗುವನ್ನು ಇಳಿಸಿ, ಮಣ್ಣಿನ ಮೇಲೆ ಕುಸಿದು ಕೂತಳು.

"ಹಾವಾ ತಿಂದದ್ದು? ಹಾಗಾದ್ರೆ ನಮ್ಮ ವಸಂತ ಅಲ್ವಾ?"

ಅವಳು ಮಗುವನ್ನು ಹತ್ತಿರ ಎಳೆದುಕೊಂಡಳು.

"ನೀವು ಕಾಯಿ ಇಟ್ಟ ಮೇಲೆ ಈ ಮಗುವಿಗೆ ಜ್ವರ ಬಂತು ಕಾಂತಿಯಕ್ಕ. ಎಂತ ಮದ್ದು ಕೊಟ್ರೂ ಇಳಿಯಲಿಲ್ಲ. ನಾನು ವಸಂತನ ಹತ್ರ ಕೇಳಿದೆ. ಅವ ಮಗಳ ತಲೆ ಮುಟ್ಟಿ, ನಾನಲ್ಲ ಅಂದ. ನಾನು ನಂಬಲಿಲ್ಲ. ದೈವಕ್ಕೆ ತಪ್ಪುಕಾಣಿಕೆ ಹಾಕಿ, ನನ್ನ ಎರಡು ಹೇಂಟೆ ತಂದು ನಿಮ್ಮ ಗೂಡಿಗೆ ಬಿಟ್ಟೆ. ಆವತ್ತಿಂದ ಅವ ನನ್ನ ಕೈಯ ಊಟ ಮುಟ್ಟುವುದಿಲ್ಲ."

ಮಾಡದ ತಪ್ಪಿಗೆ ಕಾಣಿಕೆ! ಕಾಂತಿಗೆ ನಾಚಿಕೆಯಿಂದ ಕಿವಿಯ ತನಕ ಬಿಸಿಯಾಯಿತು. ಕೆಂಪು ಹೇಂಟೆ ಅವಳ ಕಾಲಬುಡದಲ್ಲೇ ಕೆದಕುತ್ತಿತ್ತು. ಬಗ್ಗಿ ಹಿಡಿದುಕೊಂಡಳು.

"ಇಲ್ಲಿ ಕೊಡಿ ಅಕ್ಕ, ಬೇಲಿ ಮೇಲಿಂದ ದಾಟಿಸ್ತೇನೆ" ಎಂದರು ರಹಿಮಾನ್.

"ಬೇಡ. ನಾನೇ ಕೊಂಡುಹೋಗ್ತೇನೆ."

ಕಾಲುದಾರಿ ಇದ್ದಿದ್ದರೆ ಇಪ್ಪತ್ತು ಹೆಜ್ಜೆ. ಈಗ ರೋಡಿಗಿಳಿದು, ಬಸ್‌ಸ್ಟ್ಯಾಂಡು ದಾಟಿ, ಡೈರಿಯ ಮುಂದಿನಿಂದ ಸುತ್ತಿ ಹೋಗಬೇಕು. ಕಾಂತಿ ಹೇಂಟೆಯನ್ನು ಕಂಕುಳಲ್ಲಿಟ್ಟು ನಡೆದಳು. ಡೈರಿಯಲ್ಲಿ ಹಾಲು ಅಳೆಯುವ ಪ್ರೇಮಾವತಿ ಹೊರಗೆ ಇಣುಕಿದಳು. "ಕೋಳಿ ಎಲ್ಲಿಗೆ ಕಾಂತಿಯಕ್ಕ?"

"ಕಾವೇರಮ್ಮನದ್ದು. ಅವರು ಕದ್ದದ್ದಲ್ಲ."

"ಎಂತದು? ಕೇಳಲಿಲ್ಲ."

ಹಾಲಿಗೆ ನಿಂತವರೆಲ್ಲ ತಿರುಗಿದರು. ಇದೇ ಜಾಗದಲ್ಲಿ ಅವತ್ತು ಎಷ್ಟು ದೊಡ್ಡ ಸ್ವರ ಇತ್ತು! ಕಾಂತಿ ಹೇಂಟೆಯನ್ನು ಎದೆಗೆ ಒತ್ತಿಕೊಂಡು ಇನ್ನೊಮ್ಮೆ ಹೇಳಿದಳು, ಗಟ್ಟಿಯಾಗಿ. "ಕಾವೇರಮ್ಮನವರು ಕದ್ದದ್ದಲ್ಲ. ನಮ್ಮ ಕೋಳಿ ಹಾವು ತಿಂದದ್ದು. ನಾನು ಸುಮ್ಮನೆ ಅವರ ಮೇಲೆ ಹಾಕಿದೆ."

ಧರ್ಣಪ್ಪನ ಅಂಗಳದಲ್ಲಿ ವಸಂತ ಬೈಕ್ ಒರೆಸುತ್ತಿದ್ದ, ತಲೆ ಎತ್ತಲಿಲ್ಲ. ಕಾವೇರಮ್ಮ ಬಾಗಿಲಿಗೆ ಬಂದಳು. ಕಾಂತಿ ಹೇಂಟೆಯನ್ನು ನೆಲಕ್ಕೆ ಬಿಟ್ಟಳು.

"ಕಪ್ಪು ಒಂದು ಇತ್ತಲ್ಲ?" ಕಾವೇರಮ್ಮ ಕೇಳಿದಳು. ಕುಹಕವೇನೂ ಇರಲಿಲ್ಲ, ಸಾಕಿದವಳು ಕೇಳಿದ ಹಾಗೆಯೇ ಕೇಳಿದಳು.

"ಅದು... ನಾವು..." ಕಾಂತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ವಸಂತನ ಕೈಯ ಬಟ್ಟೆ ನಿಂತಿತು. ಅಂಗಳದಲ್ಲಿ ಬಿಟ್ಟ ಹೇಂಟೆ ಅತ್ತಿತ್ತ ನೋಡಿ, ನೇರ ಬೇಲಿಯ ಕಡೆ ಓಡಿತು. ಕಾಂತಿಯ ಗೂಡಿಗೆ ಹೋಗಲು ಎಲ್ಲಾದರೂ ಸಂದು ಉಂಟೋ ಎಂದು ಬಲೆಯ ಉದ್ದಕ್ಕೂ ಕತ್ತು ಚಾಚುತ್ತ ನಡೆಯಿತು. ಆಚೆ ಕುಕ್ಕರಗಾಲಲ್ಲಿ ಕೂತ ರಹಿಮಾನ್, ಹಾವಿಗಾಗಿ ಕತ್ತರಿಸಿದ ಜಾಗಕ್ಕೆ ಹೊಸ ತಂತಿ ಹೆಣೆಯುತ್ತಿದ್ದರು.