ಕಣ್ಣಂದಾಜು

ನೀರಿನ ಟ್ಯಾಂಕರ್ ಹಿಂದಕ್ಕೆ ಬರುತ್ತಿದೆ, ಪೀಂ ಪೀಂ ಪೀಂ, ಬಾ ಬಾ ಬಾ, ಸಾಕ್ ನಿಲ್ಸು ಎಂದು ಕೆಳಗೆ ಯಾರೋ ಕೂಗುತ್ತಿದ್ದಾರೆ, ಇಷ್ಟು ಹೊತ್ತಿಗೆ ಸಿದ್ದರಾಜು ಮೋಟರ್ ಹಾಕಲು ಎದ್ದಿರುತ್ತಿದ್ದ, ಇನ್ನು ನಾನೇ ಏಳಬೇಕು, ನಿನ್ನೆ ತಿಥಿ ಮುಗಿಯಿತು, ಬಾಡಿಗೆ ಕುರ್ಚಿಗಳೆಲ್ಲ ಆಟೋದಲ್ಲಿ ಹೋದವು, ಇವತ್ತು ಬರೀ ಮಂಗಳವಾರ. ಗಂಡ ಸತ್ತ ಮೇಲಿನ ಮೊದಲ ಬರೀ ಮಂಗಳವಾರ. ಅಡುಗೆಮನೆಯಲ್ಲಿ ಅನುಸೂಯಮ್ಮ, ಅವನ ಚಿಕ್ಕಮ್ಮ, ಫೋನಿನಲ್ಲಿ ಯಾರಿಗೋ ಪಿಸುಗುಟ್ಟುತ್ತಿದ್ದಾರೆ, ಇಡೀ ಮನೆಗೆ ಕೇಳುವ ಪಿಸುಮಾತು — ಸ್ಕ್ಯಾನಿಂಗ್ ಡಾಕ್ಟ್ರು ಕಣೇ ಇವ್ಳು, ಊರೋರ ಮುಖಾನೆಲ್ಲ ಸ್ಕ್ಯಾನ್ ಮಾಡ್ತಾಳೆ, ಗಂಡನ ಎದೆ ಒಂದ್ಸಲ ನೋಡ್ಬಾರ್ದಿತ್ತಾ. ನೋಡಬಾರದಿತ್ತಾ. ಮೂವತ್ತನಾಲ್ಕು ವರ್ಷದ ಗಂಡಸು, ಎರಡು ದೋಸೆ ತಿಂದು ಹೊರಟವನು, ಟೋಲ್ ಹತ್ತಿರ ಕ್ಯಾಬಿನ ಕಿಟಕಿಗೆ ತಲೆ ಒರಗಿಸಿದ, ಪಕ್ಕದವರು ನಿದ್ದೆ ಎಂದುಕೊಂಡರು, ನಾನು ಯಾವ ದಿನ, ಯಾವ ದೋಸೆಯ ನಡುವೆ ನೋಡಬೇಕಿತ್ತು ಹೇಳಿ ಚಿಕ್ಕಮ್ಮ — ಕೇಳುವುದಿಲ್ಲ, ತಲೆ ಬಾಚಿಕೊಳ್ಳುತ್ತೇನೆ. ಶೈಲಾ, ಕೆಲ್ಸಕ್ಕಾ? ಹನ್ನೊಂದ್ ದಿನಕ್ಕೇ? ಹೂಂ. ಜನ ಏನಂತಾರಮ್ಮ? ಹನ್ನೊಂದು ದಿನವೂ ಜನ ಏನೂ ಅನ್ನಲಿಲ್ಲ, ಸುಮ್ಮನೆ ನನ್ನ ಹೊಟ್ಟೆ ನೋಡಿದರು, ಏನಾದರೂ ಇದೆಯಾ ಎಂದು, ಏನೂ ಇಲ್ಲ, ನೋಡಿಕೊಳ್ಳಿ.

ಬೀರುವಿನಲ್ಲಿ ಅವನ ಅಂಗಿಗಳ ಕೆಳಗೆ ಆ ಡಬ್ಬಿ. ಒಳಗೆ ಸ್ಕ್ಯಾನಿಂಗಿನ ಸಣ್ಣ ಪ್ರೋಬ್, ಚರ್ಮದ ಮೇಲಿಟ್ಟರೆ ಒಳಗಿನದು ಪರದೆಯಲ್ಲಿ ಕಾಣುತ್ತದೆ, ಹಲ್ಲುಜ್ಜುವ ಬ್ರಷ್ಷಿನಷ್ಟು ತೆಳುವು, ತುದಿ ಬಾಗಿದೆ, ಹೊಟ್ಟೆ ನೋಡುವ ದಪ್ಪ ಪ್ರೋಬ್ ಮೂಗಿನ ಪಕ್ಕ ಕೂರುವುದಿಲ್ಲ. ಆನೇಕಲ್ಲಿನ ಡಾಕ್ಟರ್ ಶ್ಯಾಮಣ್ಣನವರದು, ಅವರ ಯಂತ್ರಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು ಸಿದ್ದರಾಜು, ಮೂರು ತಿಂಗಳಿಗೆಂದು ಎರವಲು ತಂದ, ಆ ಮೂರು ತಿಂಗಳು ಇವತ್ತಿಗೆ ಮುಗಿಯುತ್ತದೆ. ತಂದದ್ದು ಸುಮಂಗಲಾಳ ಮೂಗಿನಿಂದಾಗಿ. ನಮ್ಮ ಸ್ಕಿನ್ ಕ್ಲಿನಿಕ್ಕಿನ ದೇವರಾಜ್ ಸಾರ್ ಅವಳ ಮೂಗಿಗೆ ಫಿಲ್ಲರ್ ಹಾಕಿದರು, ತಗ್ಗಿದ್ದಲ್ಲಿ ತುಂಬುವ ಜೆಲ್ಲು, ಸೂಜಿ ರಕ್ತನಾಳಕ್ಕೆ ಹೋಯಿತು, ಮೂಗಿನ ತುದಿ ಮೊದಲು ಸುಣ್ಣದಂತೆ ಬಿಳುಪಾಯಿತು, ಸಂಜೆಗೆ ನೀಲಿ, ಮೂರನೇ ದಿನಕ್ಕೆ ಕಪ್ಪು. ಅಲರ್ಜಿ ಕಣಮ್ಮ, ಕೆಲವರಿಗೆ ಆಗುತ್ತೆ, ಎಂದರು ಸಾರ್. ಅಲರ್ಜಿಯಂತೆ! ಅದೇ ನಾಳದ ಇನ್ನೊಂದು ಕವಲಿಗೆ ಹೋಗಿದ್ದರೆ ಕಣ್ಣೇ ಹೋಗುತ್ತಿತ್ತು. ಮನೆಗೆ ಬಂದು ನಾನು ಬ್ಯಾಗು ಎಸೆದಾಗ ಸಿದ್ದರಾಜು — ರಸ್ತೆ ಅಗಿಯೋಕ್ ಮುಂಚೇನೂ ಕೇಬಲ್ ಎಲ್ಲಿದೆ ಅಂತ ನೋಡ್ತಾರೆ ಕಣೇ. ಬೆಂಗಳೂರಲ್ಲಿ ನೋಡಲ್ಲ ಕಣೋ, ಎಂದೆ ನಾನು. ಬಿದ್ದು ಬಿದ್ದು ನಕ್ಕ. ನಾಲ್ಕೇ ದಿನದಲ್ಲಿ ಈ ಡಬ್ಬಿ ತಂದ. ಒಡೆದ್ರೆ ನನ್ ಚರ್ಮ ಸುಲೀತಾರೆ ಶ್ಯಾಮಣ್ಣ ಡಾಕ್ಟ್ರು, ದಿನಾ ಮನೇಗ್ ತಗೊಂಡ್ ಬಾ, ಅಲ್ಲಿ ಬಿಡ್ಬೇಡ.

ಕ್ಲಿನಿಕ್ಕಿನ ಗಾಜಿನ ಮೇಲೆ ಈಗ ದೊಡ್ಡ ಅಕ್ಷರ, ಸ್ಕ್ಯಾನ್ ನೋಡಿ ಮಾಡುವ ಸುರಕ್ಷಿತ ಫಿಲ್ಲರ್, ಕೆಳಗೆ ನನ್ನ ಹೆಸರು. ಒಳಗೆ ಕಾನೂನಿನ ಬೋರ್ಡು, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ, ಸ್ಕ್ಯಾನಿಂಗ್ ಯಂತ್ರವಿದ್ದಲ್ಲಿ ಅದು ಇರಲೇಬೇಕು, ಮದುವೆ ಹುಡುಗಿಯರು ಗಾಬರಿಯಾಗುತ್ತಾರೆ ಎಂದು ಸಾರ್ ಮುಂದೆ ಮನಿ ಪ್ಲಾಂಟ್ ಇಡಿಸಿದ್ದಾರೆ, ಲಿಂಗ ಪತ್ತೆ ಎಂಬುದಷ್ಟೇ ಎಲೆಗಳ ನಡುವೆ ಕಾಣುತ್ತದೆ. ಬನ್ನಿ ಬನ್ನಿ ಶೈಲಾ, ಆಗಿದ್ದು ಆಗೋಯ್ತು, ಕೆಲ್ಸದಲ್ಲಿ ಮನಸ್ಸಿಡಿ, ಆ ಪ್ರೋಬ್ ತಂದಿದೀರಲ್ಲ? ಇವತ್ತು ವಾಪಸ್ ಕೊಡಬೇಕು ಸಾರ್. ಅಯ್ಯೋ, ತಂದೋರೇ ಇಲ್ಲ, ಇನ್ನು ಕೇಳೋರ್ಯಾರು, ಇಲ್ಲೇ ಇರ್ಲಿ ಬಿಡಿ. ತಂದವರೇ ಇಲ್ಲ. ಎಷ್ಟು ಸಲೀಸು, ಸತ್ತವನು ಕೊಟ್ಟ ಮಾತೂ ಅವನ ಜೊತೆ ಸುಟ್ಟುಹೋಯಿತು ಎಂದು ಈ ಮನುಷ್ಯ ಲೆಕ್ಕ ಹಾಕಿಬಿಟ್ಟಿದ್ದಾನೆ. ಕೊಟ್ಟರೆ ನಾಳೆಯಿಂದ ಇಲ್ಲಿ ಮತ್ತೆ ಕುರುಡು ಸೂಜಿ. ಕೊಡದಿದ್ದರೆ ಸಿದ್ದರಾಜು ಕಳ್ಳ.

ವನಜಾ ಮಲಗಿದ್ದಾಳೆ, ಇಲ್ಲೇ ಕಂಪನಿಯೊಂದರ ಎಚ್‌ಆರ್, ಭಾನುವಾರ ಮದುವೆ, ನಕ್ಕರೆ ಮೂಗಿನ ಪಕ್ಕದ ಗೆರೆ ಫೋಟೋದಲ್ಲಿ ಬೀಳುತ್ತದಂತೆ. ಮಲಗಿದಲ್ಲಿಂದಲೇ ಕೈ ಚಾಚಿ ಎಲೆ ಸರಿಸಿ ಬೋರ್ಡು ಓದುತ್ತಾಳೆ — ಮೇಡಂ, ನಾನ್ ಕೆನ್ನೆಗೆ ಬಂದಿರೋದು, ಮಗೂಗಲ್ಲ. ಎಡಗಡೆ ನೋಡಿದೆ, ನಾಳ ಆಳದಲ್ಲಿತ್ತು, ಸಾರ್ ಮೇಲ್ಪದರದಲ್ಲಿ ಹಾಕಿದರು, ಸರಿಯಾಗಿತ್ತು. ಅಷ್ಟರಲ್ಲಿ ಸಾರ್ ಫೋನು ಬಡಿಯಿತು, ಹೊರಗೆ ಇನ್ನಿಬ್ಬರು ಕಾಯುತ್ತಿದ್ದಾರೆ, ಬಲಗಡೆ ಬಿಳಿ ಪೆನ್ಸಿಲಿನ ಚುಕ್ಕೆ ಇಟ್ಟು ಸೂಜಿ ಎತ್ತಿದರು. ಸಾರ್, ಬಲಗಡೆ ನೋಡಿಲ್ಲ. ಎಡಗಡೆ ನೋಡಾಯ್ತಲ್ರೀ, ಒಂದೇ ಮುಖ ತಾನೇ, ಕಣ್ಣಂದಾಜಲ್ಲಿ ಹಾಕ್ಬಿಡ್ತೀನಿ, ಹದಿನೈದ್ ವರ್ಷದ ಕೈ ಇದು. ಕಣ್ಣಂದಾಜು. ಟ್ಯಾಂಕರ್ ಹಿಂದಕ್ಕೆ ಬರಲೂ ಒಬ್ಬ ನಿಂತು ಕೂಗುತ್ತಾನಲ್ಲ, ಒಂದು ಗೋಡೆಗಾಗಿ — ನಾನು ಕೇಳಲಿಲ್ಲ, ಪ್ರೋಬ್ ಇಟ್ಟೇಬಿಟ್ಟೆ, ಚುಕ್ಕೆಯ ಮೇಲೆಯೇ, ಕೆಂಪಗೆ, ಮೂರು ಮಿಲಿಮೀಟರ್ ಕೆಳಗೆ, ಮಿಡಿಯುತ್ತಿತ್ತು. ಪರದೆಯನ್ನು ಅವಳ ಕಡೆ ತಿರುಗಿಸಿದೆ. ಏನ್ ಮೇಡಂ ಅದು ಕೆಂಪಗೆ? ನಿಮ್ಮ ರಕ್ತನಾಳ. ಸೂಜಿ ಎಲ್ಲಿಗೆ ಬರುತ್ತೆ? ಅಲ್ಲಿಗೇ, ಒಳಗೆ ಹೋದ್ರೆ ಕಣ್ಣಿಗೂ ಅಪಾಯ. ಎದ್ದು ಕುಳಿತಳು, ಸ್ಕ್ಯಾನಿಂಗಿನ ಜೆಲ್ಲು ಗಲ್ಲದಿಂದ ಇಳಿಯುತ್ತಿದೆ. ಸಾರ್ ನಗಲು ನೋಡಿದರು — ಮಲ್ಕೊಳಮ್ಮ, ಒಂದೇ ಕೆನ್ನೇಲಿ ಮದ್ವೆ ಆಗ್ತೀಯಾ? ಕಣ್ಣೇ ಹೋದ್ರೆ ಗಂಡನ್ನ ಹೆಂಗ್ ಸಾರ್ ನೋಡ್ಲಿ? ಸಾರ್ ಚುಕ್ಕೆ ಒರೆಸಿದರು. ನಾನು ದಾರಿ ತೋರಿಸಿದೆ, ನಾಳ ಬಿಟ್ಟು ಪಕ್ಕದಿಂದ, ಪರದೆ ನೋಡುತ್ತಲೇ ಹಾಕಿದರು, ನಾಲ್ಕು ನಿಮಿಷ, ಬರೀ ನಾಲ್ಕು ನಿಮಿಷ, ಇದಕ್ಕೇ ಪುರುಸೊತ್ತಿರಲಿಲ್ಲ.

ಆಮೇಲೆ ಪ್ರೋಬ್ ಒರೆಸುತ್ತ ಹೇಳಿದೆ, ಸಾರ್, ನಿಮ್ಮದೇ ಒಂದು ತರಿಸಿ, ಅಲ್ಲೀವರೆಗೆ ಸೂಜಿ ಮುಟ್ಟಬೇಡಿ, ಮುಟ್ಟೋದಾದ್ರೆ ಗಾಜಿನ ಮೇಲಿಂದ ನನ್ನ ಹೆಸರು ತೆಗೀರಿ. ದುಃಖದಲ್ಲಿದೀರಿ, ಮನೇಗ್ ಹೋಗಿ ರೆಸ್ಟ್ ಮಾಡಿ. ದುಃಖವಲ್ಲ ಸಾರ್ ಇದು. ದುಃಖ ಇನ್ನೂ ಬಂದೇ ಇಲ್ಲ, ಎಲ್ಲಿದೆಯೋ ಗೊತ್ತಿಲ್ಲ, ಇದು ಸಿಟ್ಟು. ಅವರು ನೀರಿನ ಸ್ಪ್ರೇ ಎತ್ತಿಕೊಂಡು ಗಾಜಿನ ಕಡೆ ಹೋದರು, ಶೈಲಾ ಎಂಬ ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಎಬ್ಬಿಸತೊಡಗಿದರು. ಸರಿ. ಹಾಗಾದರೆ ಸರಿ. ಸುಮಂಗಲಾಳ ನಂಬರ್ ನನ್ನಲ್ಲಿದೆ, ಅಲರ್ಜಿ ಅಲ್ಲ ಎಂದು ನಾನೇ ಬರೆದು ಸಹಿ ಹಾಕಿ ಕೊಡುತ್ತೇನೆ.

ಚಂದಾಪುರದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು, ಡಬ್ಬಿ ಮಡಿಲಲ್ಲಿ, ಪಕ್ಕದವಳು ಏನಕ್ಕ ಅದು, ಒಡವೆನಾ, ಎಂದಳು. ಆನೇಕಲ್ಲಿನಲ್ಲಿ ಶ್ಯಾಮಣ್ಣನವರು ಡಬ್ಬಿ ತೆರೆದು, ತಂತಿಯನ್ನು ಬೆರಳಿನಿಂದ ಸವರಿ, ತಮ್ಮ ಯಂತ್ರಕ್ಕೆ ಸಿಕ್ಕಿಸಿ, ಬೇಜಾರ್ ಮಾಡ್ಕೋಬೇಡಮ್ಮ, ಕೊಡುವಾಗ್ಲೂ ನೋಡೇ ಕೊಟ್ಟಿದ್ದೆ, ಈಗ್ಲೂ ನೋಡೇ ತಗೋತೀನಿ, ಕೈ ಕೊಡು ಎನ್ನುತ್ತಾರೆ. ಕೊಟ್ಟೆ. ಮಣಿಕಟ್ಟಿನ ಮೇಲೆ ಜೆಲ್ಲು, ತಣ್ಣಗೆ. ಪರದೆಯಲ್ಲಿ ಬೂದು, ಬೂದಿನೊಳಗೆ ನನ್ನದೇ ನಾಳ, ಕೆಂಪು, ಆರಿತು, ಕೆಂಪು. ಚೆನ್ನಾಗೇ ಇದೆಯಮ್ಮ, ಏನೂ ಆಗಿಲ್ಲ. ಪ್ರೋಬಿನ ಬಗ್ಗೆ ಹೇಳಿದ್ದು. ಏನೂ ಆಗಿಲ್ಲ, ನೋಡು, ಹನ್ನೆರಡನೇ ದಿನ, ಏನೂ ಆಗೇ ಇಲ್ಲವೆಂಬಂತೆ, ನಾಚಿಕೆಯಿಲ್ಲದೆ, ನನ್ನನ್ನು ಕೇಳದೆ, ಕೆಂಪು, ಆರಿತು, ಮತ್ತೆ ಕೆಂಪು, ಮತ್ತೆ —